ನಾಯಿಯ ಚಿಗಟ ಮೂರು ತಿಂಗಳ ಕೆಲಸ, ಯಾಕೆ ಅಂತ ಕೇಳಿ

ಹೋದ ವರ್ಷ ದಸರಾ ರಜೆಗೆ ಮನೆಗೆ ಬೀಗ ಹಾಕಿ ಎಲ್ಲರೂ ಯಾದಗಿರಿ ಹತ್ತಿರದ ನಮ್ಮೂರಿಗೆ ಹೋಗಿದ್ದೆವು. ಕರಿಯಾನೂ ಜೊತೆಗಿದ್ದ. ಕರಿಯಾ ನಮ್ಮ ನಾಯಿ, ಮಳೆಗಾಲದಲ್ಲಿ ಬೀದಿಯಲ್ಲಿ ಸಿಕ್ಕ ಮರಿ, ಈಗ 4 ವರ್ಷದವನು. 18 ದಿನ ಕಳೆದು ಕಲಬುರಗಿಗೆ ವಾಪಸ್ ಬಂದೆವು. ಬಾಗಿಲು ತೆಗೆದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದೆ ಅಷ್ಟೇ, ಹಿಂದಿನಿಂದ ಮಗಳು "ಅಪ್ಪಾ, ಕಾಲ್ ನೋಡ್ಕೋ, ಏನೋ ಹತ್ಯಾವ" ಅಂದಳು. ಬಿಳಿ ಸಾಕ್ಸ್ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗಿತ್ತು. ಬಗ್ಗಿ ಮುಟ್ಟಲು ಹೋದೆ, ಎಳ್ಳು ಜಿಗಿಯಿತು.

ಚಿಗಟ. ಎಣಿಸಲಿಲ್ಲ, ಆದರೆ ಎರಡೂ ಕಾಲು ಸೇರಿ ನಲವತ್ತಕ್ಕೆ ಕಡಿಮೆ ಇರಲಿಲ್ಲ. 18 ದಿನ ಆ ಮನೆಯಲ್ಲಿ ನಾಯಿ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಚಿಗಟಕ್ಕೆ ರಕ್ತ ಬಿಟ್ಟರೆ ಬೇರೆ ಊಟ ಇಲ್ಲ. ಒಮ್ಮೆ ರಕ್ತ ಕುಡಿದು ರೂಢಿಯಾದ ಚಿಗಟ ನಾಯಿಯ ಮೈಯಿಂದ ಬೇರೆಯಾದರೆ ಕೆಲವೇ ದಿನದಲ್ಲಿ ಸಾಯುತ್ತದೆ. ಹಾಗಾದರೆ ಇವು ಎಲ್ಲಿಂದ ಬಂದವು? ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಾದರೆ ಶಾಂಪೂ, ಪೌಡರ್, ಇಂಜೆಕ್ಷನ್ ಎಲ್ಲ ಮಾಡಿಸಿದರೂ ಚಿಗಟ ಯಾಕೆ ಹೋಗುತ್ತಿಲ್ಲ ಅನ್ನೋದಕ್ಕೂ ಉತ್ತರ ಸಿಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮ ಕಡೆ ನಾಯಿ ಮೈಮೇಲೆ ಏನು ಕಂಡರೂ ಉಣ್ಣಿ ಅಂದುಬಿಡುತ್ತಾರೆ. ಉಣ್ಣಿ ಬೇರೆ, ಚಿಗಟ ಬೇರೆ. ಉಣ್ಣಿಗೆ 8 ಕಾಲು, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡು ಕೂತಲ್ಲೇ ಕೂತು ಜೋಳದ ಕಾಳಿನ ಹಾಗೆ ಉಬ್ಬುತ್ತದೆ. ಚಿಗಟಕ್ಕೆ 6 ಕಾಲು, 2-3 ಮಿಲಿಮೀಟರ್ ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ. ಎರಡೂ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ ಇರುವುದರಿಂದ ಕೂದಲ ನಡುವೆ ಸರ್ರನೆ ಓಡುತ್ತದೆ, ಬೆರಳಿಗೆ ಸಿಗುವುದಿಲ್ಲ. ರೆಕ್ಕೆ ಇಲ್ಲ, ಆದರೆ ಒಂದು ಗೇಣು ಎತ್ತರ ಜಿಗಿಯುತ್ತದೆ. ಮನುಷ್ಯರಿಗೆ ಕಚ್ಚಿದ ಗುರುತು ಹೆಚ್ಚಾಗಿ ಹಿಮ್ಮಡಿ ಮತ್ತು ಕಣಕಾಲಿನ ಸುತ್ತಲೇ ಕಾಣುವುದು ಇದಕ್ಕೇ. ಇವೆರಡರ ಔಷಧಿಯೂ ಎಲ್ಲ ಸಲ ಒಂದೇ ಆಗಿರುವುದಿಲ್ಲ. ಕಳೆದ ವರ್ಷ ಒಂದು ಔಷಧಿ ಅಂಗಡಿಯಲ್ಲಿ ಚಿಗಟ ಅಂತ ಹೇಳಿದರೂ ಉಣ್ಣಿಗೆ ಹಾಕುವ ದ್ರಾವಣ ಕೊಟ್ಟು ಕಳಿಸಿದರು. ಎರಡು ವಾರ ವ್ಯರ್ಥವಾಯಿತು, ಆ ಎರಡು ವಾರ ಕರಿಯಾ ರಾತ್ರಿಯೆಲ್ಲ ಕೆರೆದುಕೊಂಡ.

ಈಗ ಮುಖ್ಯ ವಿಷಯ. ಹೆಣ್ಣು ಚಿಗಟ ನಾಯಿಯ ಮೈ ಏರಿದ ಕೆಲವೇ ನಿಮಿಷದಲ್ಲಿ ರಕ್ತ ಹೀರಲು ಶುರು ಮಾಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಇಡುತ್ತದೆ. ಆಮೇಲೆ ದಿನಕ್ಕೆ 40-50 ಮೊಟ್ಟೆ. 10 ಹೆಣ್ಣು ಚಿಗಟ ಇದ್ದರೆ ಒಂದೇ ದಿನಕ್ಕೆ 400 ಮೊಟ್ಟೆ ಅಂತ ಲೆಕ್ಕ ಹಾಕಿ. ಹೇನಿನ ಸೀರು ಕೂದಲಿಗೆ ಅಂಟಿಕೊಂಡಿರುತ್ತದಲ್ವಾ, ಚಿಗಟದ ಮೊಟ್ಟೆ ಹಾಗೆ ಅಂಟುವುದಿಲ್ಲ. ನುಣ್ಣಗೆ, ಬೆಳ್ಳಗೆ, ಪುಡಿ ಉಪ್ಪಿನ ಕಣದಷ್ಟು ಇರುತ್ತದೆ, ನಾಯಿ ಮೈ ಕೊಡವಿದರೆ ಉದುರುತ್ತದೆ. ನಾಯಿ ಎಲ್ಲಿ ಹೆಚ್ಚು ಹೊತ್ತು ಮಲಗುತ್ತದೋ ಅಲ್ಲಿ ಹೆಚ್ಚು ಉದುರುತ್ತದೆ. ಮೊಟ್ಟೆಯ ಜೊತೆ ಚಿಗಟದ ಹಿಕ್ಕೆಯೂ ಉದುರುತ್ತದೆ, ಅದು ಒಣಗಿದ ರಕ್ತವೇ. ಕೆಲವು ದಿನದಲ್ಲಿ ಮೊಟ್ಟೆಯೊಡೆದು ಬರುವ ಮರಿಹುಳುವಿಗೆ ಆ ಹಿಕ್ಕೆಯೇ ಊಟ. ಅಂದರೆ ತಾಯಿ ಮೇಲಿನಿಂದ ಮೊಟ್ಟೆಯನ್ನೂ ಬುತ್ತಿಯನ್ನೂ ಒಟ್ಟಿಗೇ ಕಳಿಸುತ್ತದೆ.

ಈ ಮರಿಹುಳು ಬೆಳಕು ಕಂಡರೆ ದೂರ ಸರಿಯುತ್ತದೆ. ಸಂದಿ, ಮೂಲೆ, ಹಾಸಿಗೆಯ ಮಡಿಕೆ, ಮಂಚದ ಕೆಳಗಿನ ಧೂಳು, ಇಂಥ ಕಡೆ ಇಳಿದು ಬೆಳೆಯುತ್ತದೆ. ಆಮೇಲೆ ರೇಷ್ಮೆ ಹುಳುವಿನ ಹಾಗೆ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿನ ನೂಲು ಅಂಟಂಟು, ಧೂಳು, ಉಸುಕು, ಕೂದಲು ಎಲ್ಲ ಮೆತ್ತಿಕೊಂಡು ಅದು ನೆಲದ ಕಸದ ಹಾಗೇ ಕಾಣುತ್ತದೆ. ಒಳಗೆ ಚಿಗಟ ಪೂರ್ತಿ ಬೆಳೆದು ಸಿದ್ಧವಾದ ಮೇಲೂ ಹೊರಗೆ ಬರಲೇಬೇಕು ಅಂತ ಇಲ್ಲ. ಕಾಯುತ್ತದೆ. ವಾರಗಟ್ಟಲೆ, ವಾತಾವರಣ ಒಗ್ಗಿದರೆ ತಿಂಗಳುಗಟ್ಟಲೆ ಕಾಯುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ, ಇವು ಸಿಕ್ಕವೋ, ಊಟ ಬಂತು ಅಂತ ತಿಳಿದು ಕ್ಷಣದಲ್ಲಿ ಗೂಡು ಒಡೆದು ಜಿಗಿಯುತ್ತದೆ. ನಮ್ಮ ಪಡಸಾಲೆಯಲ್ಲಿ ಆ ದಿನ ಆಗಿದ್ದು ಇಷ್ಟೇ. ಬೀಗ ಹಾಕುವ ಮುಂಚೆ ಉದುರಿದ್ದ ಮೊಟ್ಟೆಗಳು 18 ದಿನದಲ್ಲಿ ಬೆಳೆದು ಗೂಡಿನೊಳಗೆ ಕೂತಿದ್ದವು, ನನ್ನ ನಾಲ್ಕು ಹೆಜ್ಜೆ ಅವನ್ನು ಎಬ್ಬಿಸಿತು.

ಹೀಗಾಗಿ ಯಾವುದೇ ಹೊತ್ತಿನಲ್ಲಿ ನಾಯಿಯ ಮೈಮೇಲೆ ಇರುವ ಚಿಗಟ ಒಟ್ಟು ಲೆಕ್ಕದಲ್ಲಿ ಸುಮಾರು 5 ಶೇಕಡಾ ಮಾತ್ರ. ಉಳಿದ 95 ಶೇಕಡಾ ಮೊಟ್ಟೆ, ಮರಿಹುಳು, ಗೂಡುಗಳಾಗಿ ಮನೆಯಲ್ಲಿ, ಅಂಗಳದಲ್ಲಿ ಬಿದ್ದಿರುತ್ತವೆ. ನಾವು ಶಾಂಪೂ ಹಾಕಿ ತಿಕ್ಕುವುದು ಆ 5ನ್ನು.

ನಮ್ಮ ಊರಿನ ಮನೆಗಳಲ್ಲಿ ಈ 95 ಎಲ್ಲಿ ಅಡಗುತ್ತವೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. ಕಲಬುರಗಿ ಅಂದರೆ ಪರಸಿ ಕಲ್ಲು. ಶಹಾಬಾದ್ ಕಲ್ಲು ಹಾಸಿದ ನೆಲ ಎಷ್ಟು ತಂಪೋ ಅಷ್ಟೇ ಅನುಕೂಲ ಚಿಗಟಕ್ಕೂ. ಹಳೆ ಮನೆಗಳಲ್ಲಿ ಕಲ್ಲು ಕಲ್ಲಿನ ನಡುವಿನ ಸಿಮೆಂಟ್ ಉದುರಿ ಸಂದಿ ಬಿದ್ದಿರುತ್ತದೆ. ನಾನು ಟಾರ್ಚ್ ಹಿಡಿದು, ಕರಿಯಾ ಮಲಗುವ ಜಾಗದ ಸಂದಿಯನ್ನು ಹೇರ್‌ಪಿನ್‌ನಿಂದ ಕೆದಕಿ ಬಿಳಿ ಹಾಳೆಯ ಮೇಲೆ ಉದುರಿಸಿದೆ. ಬೂದು ಧೂಳು, ಕರಿ ಕರಿ ಪುಡಿ, ಅದರ ನಡುವೆ ದಾರದ ತುಂಡಿನಂಥ ಎರಡು ಬಿಳಿ ಹುಳು. ಟಾರ್ಚ್ ಬೆಳಕು ಬೀಳುತ್ತಲೇ ಎರಡೂ ಮೈ ಕೊಂಕಿಸಿ ಧೂಳಿನೊಳಗೆ ನುಗ್ಗಿದವು. ದಿನಾ ಎರಡು ಸಲ ಕಸ ಗುಡಿಸಿ ಒರೆಸುವ ನೆಲ ಅದು. ಪೊರಕೆ ಸಂದಿಯೊಳಗೆ ಇಳಿಯುವುದಿಲ್ಲ, ಒರೆಸುವ ನೀರು ಇಳಿಯುತ್ತದೆ, ಮರಿಹುಳುವಿಗೆ ಬೇಕಾದ ತೇವವನ್ನೂ ಕೊಡುತ್ತದೆ.

ಇನ್ನೊಂದು ಕೂಲರ್. ನಮ್ಮ ಬಿಸಿಲಿಗೆ ಚಿಗಟ ಉಳಿಯಲ್ಲ ಬಿಡಿ ಅಂತ ಎಷ್ಟೋ ಜನ ಹೇಳುತ್ತಾರೆ. ಅರ್ಧ ನಿಜ. 35 ಡಿಗ್ರಿ ದಾಟಿದ ಒಣ ಬಿಸಿಯಲ್ಲಿ ಮರಿಹುಳು ಬಾಳುವುದಿಲ್ಲ, ಗಾಳಿಯ ತೇವ 50 ಶೇಕಡಾಕ್ಕಿಂತ ಕೆಳಗಿಳಿದರೂ ಒಣಗಿ ಸಾಯುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವಾಗ ಬಿಸಿಲು ಬೀಳುವ ಅಂಗಳದಲ್ಲಿ ಚಿಗಟ ಬೆಳೆಯಲು ಸಾಧ್ಯವೇ ಇಲ್ಲ. ಆದರೆ ಅದೇ ಹೊತ್ತಿನಲ್ಲಿ ಕಿಟಕಿಗೆ ನೀರಿನ ಕೂಲರ್ ಕೂರಿಸಿ, ಪರದೆ ಎಳೆದು, ಕೋಣೆಯನ್ನು ತಂಪು ತೇವ ಮಾಡಿಟ್ಟಿರುತ್ತೇವೆ. ನಾಯಿಯೂ ಕೂಲರ್ ಮುಂದೆಯೇ ಮಲಗುತ್ತದೆ. ಹೊರಗೆ ಬೇಸಿಗೆ, ಒಳಗೆ ಚಿಗಟಕ್ಕೆ ಮಳೆಗಾಲ. ಬೀದರ್ ಎತ್ತರದಲ್ಲಿದೆ, ನಮಗಿಂತ ತುಸು ತಂಪು, ಅಲ್ಲಿ ಬೇಸಿಗೆಯ ಈ ಅರ್ಧ ಸಹಾಯವೂ ಕಡಿಮೆಯೇ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲ ಕಡೆಯೂ ಚಿಗಟಕ್ಕೆ ಹಬ್ಬ, ಅಕ್ಟೋಬರ್ ತನಕ ಜೋರು.

ಮೂರನೆಯದು ಕೌದಿ. ಅಮ್ಮ, ಅಜ್ಜಿ ಹೊಲಿದ ಹಳೆ ಕೌದಿ ನಾಯಿಯ ಹಾಸಿಗೆಯಾಗುವುದು ನಮ್ಮ ಎಲ್ಲರ ಮನೆಯಲ್ಲೂ ಇದೆ. ನಾಲ್ಕೈದು ಪದರದ ಬಟ್ಟೆ, ಸಾಲು ಸಾಲು ಹೊಲಿಗೆ, ಪ್ರತಿ ಹೊಲಿಗೆಯೂ ಒಂದು ಮಡಿಕೆ. ಇನ್ನು ಹೊರಗೆ, ಮನೆ ಕಟ್ಟಿಸುವವರು ಹಾಕಿಸಿದ ಉಸುಕಿನ ಗುಡ್ಡೆ. ನೆರಳಲ್ಲಿರುವ ಹಸಿ ಉಸುಕನ್ನು ಕೆದರಿ ಬೀದಿನಾಯಿಗಳು ಮಲಗುತ್ತವೆ, ಸಂಜೆ ವಾಕಿಂಗ್‌ನಲ್ಲಿ ನಮ್ಮ ನಾಯಿಯೂ ಅಲ್ಲೇ ಮೂಸಿ ಹೊರಳುತ್ತದೆ.

ನಿಮ್ಮ ನಾಯಿಗೆ ಚಿಗಟ ಇದೆಯೋ ಇಲ್ಲವೋ ನೋಡಲು ಹೇನಿನ ಬಾಚಣಿಗೆ ಸಾಕು, ನಮ್ಮ ಕಡೆ ಹೇನಿನ ಹಣಿಗಿ ಅನ್ನುತ್ತೇವಲ್ಲ, ಎರಡೂ ಬದಿ ಸಣ್ಣ ಹಲ್ಲಿನದು, ಅದೇ. ಬಾಲದ ಬುಡ, ತೊಡೆಯ ಹಿಂಭಾಗ, ಹೊಟ್ಟೆಯ ಕೆಳಗೆ ಬಾಚಿ. ಬಂದ ಪುಡಿಯನ್ನು ಒದ್ದೆ ಮಾಡಿದ ಬಿಳಿ ಹಾಳೆ ಅಥವಾ ಹತ್ತಿಯ ಮೇಲೆ ಉದುರಿಸಿ ಒಂದೆರಡು ನಿಮಿಷ ಬಿಡಿ. ಬರೀ ಮಣ್ಣಾದರೆ ಕರಿ ಚುಕ್ಕಿ ಕರಿಯಾಗೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು-ಕಂದು ಬಣ್ಣ ಹರಡುತ್ತದೆ, ಕುಂಕುಮದ ನೀರು ಇಂಗಿದ ಹಾಗೆ. ಕರಿಯಾನಂಥ ಕಪ್ಪು ನಾಯಿಗೆ ಬೇರೆ ಉಪಾಯವೇ ಇಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಚಿಗಟವೂ ಸಿಗದೆ ಬರೀ ಹಿಕ್ಕೆ ಸಿಕ್ಕರೂ ಚಿಗಟ ಇದೆ ಅಂತಲೇ ಅರ್ಥ.

ಸುಮ್ನೆ ತುರಿಕೆ ತಾನೇ, ಏನಾಗುತ್ತದೆ ಅಂತ ಬಿಡಬೇಡಿ. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಒಗ್ಗುವುದಿಲ್ಲ. ಅಂಥ ನಾಯಿಗೆ ನಾಲ್ಕೈದು ಕಡಿತ ಸಾಕು, ಬಾಲದ ಬುಡದಿಂದ ಸೊಂಟದವರೆಗೆ ಕಚ್ಚಿಕೊಂಡು, ನೆಕ್ಕಿಕೊಂಡು ಕೂದಲು ಉದುರಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಚಿಕ್ಕ ಮರಿಗಳದು ಇನ್ನೂ ಗಂಭೀರ, ನೂರಾರು ಚಿಗಟ ಸೇರಿ ರಕ್ತ ಹೀರಿದರೆ ಮರಿ ರಕ್ತಹೀನತೆಯಿಂದ ಸಾಯಬಹುದು. ಮರಿಯ ತುಟಿ ಎತ್ತಿ ಒಸಡು ನೋಡಿ, ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡಿ, ನಾಳೆ ಅನ್ನಬೇಡಿ. ಮತ್ತೆ ಲಾಡಿಹುಳು. ಅದರ ಮೊಟ್ಟೆಯನ್ನು ಚಿಗಟದ ಮರಿಹುಳು ತಿನ್ನುತ್ತದೆ, ಅದು ದೊಡ್ಡದಾಗಿ ನಾಯಿಯ ಮೈ ಏರುತ್ತದೆ, ನಾಯಿ ಕೆರೆತಕ್ಕೆ ಕಚ್ಚಿಕೊಳ್ಳುವಾಗ ಅದನ್ನು ನುಂಗುತ್ತದೆ, ಹುಳು ಹೊಟ್ಟೆ ಸೇರುತ್ತದೆ. ನಾಯಿಯ ಗುದದ ಹತ್ತಿರ ಅಕ್ಕಿ ಕಾಳಿನಂಥ ಬಿಳಿ ತುಂಡು ಹರಿದಾಡಿದರೆ ಅದೇ ಇದು. ಬರೀ ಜಂತುಹುಳುವಿನ ಮಾತ್ರೆ ಕೊಟ್ಟು ಚಿಗಟ ಬಿಟ್ಟರೆ ಮತ್ತೆ ಬರುತ್ತದೆ. ನೆಲದಲ್ಲಿ ಆಡುವ ಪುಟ್ಟ ಮಕ್ಕಳು ಅಕಸ್ಮಾತ್ ಚಿಗಟ ನುಂಗಿದರೆ ಅವರಿಗೂ ಬರಬಹುದು, ಅಪರೂಪ, ಆದರೆ ಬರುತ್ತದೆ. ಪ್ಲೇಗ್ ಬಗ್ಗೆ ಹಿರಿಯರು ಕೇಳುತ್ತಾರೆ. ಇಲಿಯಿಂದ ಮನುಷ್ಯರಿಗೆ ಪ್ಲೇಗ್ ತರುವುದು ಚಿಗಟ ಅಂತ ಪಾಲ್-ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ದು ನಿಜ. ಅದು ಮುಖ್ಯವಾಗಿ ಇಲಿಯ ಚಿಗಟ, ನಾಯಿಯ ಮೈಮೇಲೆ ಸಾಮಾನ್ಯವಾಗಿ ಇರುವ ಜಾತಿ ಬೇರೆ.

ಔಷಧಿಗೆ ಬರುವ ಮುಂಚೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ನಮ್ಮ ಓಣಿಯ ಹಿರಿಯರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಅಣ್ಣಾರ, ತೊಗರಿಗಿ ಹೊಡಿಯೋ ಎಣ್ಣಿ ಒಂದ್ ಮುಚ್ಚಳ ನೀರಾಗ ಹಾಕಿ ಜಳಕ ಮಾಡಿಸ್ರಿ, ಒಂದೇ ದಿನದಾಗ ಸಾಫ್ ಆಗ್ತಾವ" ಅಂದರು. ತೊಗರಿ, ಹತ್ತಿ ಬೆಳೆಯುವ ಜಿಲ್ಲೆಗಳು ನಮ್ಮವು, ಆ ಎಣ್ಣೆ ಬಹಳ ಮನೆಗಳಲ್ಲಿ ಇರುತ್ತದೆ. ದಯವಿಟ್ಟು ಬೇಡ. ಬೆಳೆಯ ಕೀಟನಾಶಕ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ, ನಾಯಿ ನೆಕ್ಕಿಕೊಂಡು ಹೊಟ್ಟೆಗೂ ಹೋಗುತ್ತದೆ. ಜೊಲ್ಲು ಸುರಿಯುವುದು, ಮೈ ನಡುಗುವುದು, ವಾಂತಿ ಭೇದಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಆಮೇಲೆ ಉಸಿರು ಕಟ್ಟುವುದು. ಯಾರಾದರೂ ಈಗಾಗಲೇ ಹಾಕಿಬಿಟ್ಟಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು ಸೋಪು, ಧಾರಾಳ ನೀರಿನಿಂದ ತೊಳೆದು, ಎಣ್ಣೆಯ ಬಾಟಲಿ ಸಮೇತ ಪಶು ಆಸ್ಪತ್ರೆಗೆ ಹೋಗಿ. ಯಾವ ವಿಷ ಅಂತ ಗೊತ್ತಾದರೆ ಚಿಕಿತ್ಸೆ ಬೇಗ ಆಗುತ್ತದೆ. ಸೀಮೆಎಣ್ಣೆ, ಫಿನೈಲ್, ತಂಬಾಕಿನ ನೀರು, ನುಸಿಗುಳಿಗೆ ಇವೂ ವಿಷವೇ. ಬೆಳ್ಳುಳ್ಳಿ ತಿನ್ನಿಸುವುದೂ ಬೇಡ, ಅದು ನಾಯಿಯ ರಕ್ತಕಣ ಒಡೆಯುತ್ತದೆ. ಬೇವಿನ ಸೊಪ್ಪು ಕುದಿಸಿದ ನೀರಿನ ಸ್ನಾನದಿಂದ ತೊಂದರೆ ಇಲ್ಲ, ಆದರೆ ಅದರಿಂದಲೇ ಚಿಗಟ ಹೋಗುತ್ತದೆ ಅಂತ ನಂಬಿ ಕೂರಬೇಡಿ.

ಸರಿಯಾದ ಔಷಧಿ ಎರಡು ಬಗೆ. ಒಂದು, ಭುಜದ ನಡುವೆ ಚರ್ಮಕ್ಕೆ ಬಿಡುವ ಹನಿ. ಫಿಪ್ರೊನಿಲ್ ಇರುವುದು ಎಲ್ಲ ಕಡೆ ಸಿಗುತ್ತದೆ. ಕೂದಲನ್ನು ಎರಡು ಭಾಗ ಮಾಡಿ ಚರ್ಮ ಕಾಣುವ ಹಾಗೆ ಮಾಡಿ ಅಲ್ಲೇ ಬಿಡಬೇಕು. ಹಾಕುವ 2 ದಿನ ಮುಂಚೆ, ಹಾಕಿದ 2 ದಿನ ನಂತರ ಸ್ನಾನ ಇಲ್ಲ. ಹೆಚ್ಚು ಜನ ತಪ್ಪುವುದು ಇಲ್ಲೇ, ಮಧ್ಯಾಹ್ನ ಶಾಂಪೂ ಹಾಕಿ ಸಂಜೆ ಹನಿ ಬಿಡುತ್ತಾರೆ. ಚರ್ಮದ ಎಣ್ಣೆಯ ಮೂಲಕವೇ ಆ ಔಷಧಿ ಮೈತುಂಬ ಹರಡಬೇಕು, ಆ ಎಣ್ಣೆಯನ್ನೇ ತೊಳೆದುಬಿಟ್ಟರೆ ಹೇಗೆ? ಇನ್ನೊಂದು, ಬಾಯಿಗೆ ಕೊಡುವ ಮಾತ್ರೆ. ಅಫೊಕ್ಸೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಸುಮಾರು 12 ವಾರಕ್ಕೊಮ್ಮೆ. ಇವು ರಕ್ತದಲ್ಲಿ ಇರುತ್ತವೆ, ಚಿಗಟ ಕಚ್ಚಿದ ಮೇಲೆಯೇ ಸಾಯುವುದು, ಆದರೆ ಮೊಟ್ಟೆ ಇಡುವ ಮುಂಚೆ ಸಾಯುತ್ತದೆ. ಆಟ ತಿರುಗುವುದು ಇಲ್ಲಿ. ಮನೆಗೆ ಹೊಸ ಮೊಟ್ಟೆ ಬೀಳುವುದು ನಿಲ್ಲುತ್ತದೆ. ಉಣ್ಣಿಗೂ ಇವು ಕೆಲಸ ಮಾಡುತ್ತವೆ. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಈ ಗುಂಪಿನ ಮಾತ್ರೆಯಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಯಾವುದೇ ಆದರೂ ನಾಯಿಯ ತೂಕ ನೋಡಿ ತೆಗೆದುಕೊಳ್ಳಿ. ದೊಡ್ಡ ನಾಯಿಯ ಔಷಧಿ ತಂದು ಎರಡು ಮರಿಗೆ ಹಂಚುವುದು ಬೇಡ. ಪುಟ್ಟ ಮರಿ, ಗಬ್ಬದ ನಾಯಿ ಇದ್ದರೆ ಡಾಕ್ಟರನ್ನು ಕೇಳದೆ ಏನೂ ಹಾಕಬೇಡಿ. ಊರಲ್ಲಿ ಎಲ್ಲದಕ್ಕೂ ಹಾಕಿಸುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಚಿಗಟಕ್ಕೆ ಸರಿಯಾದ ಔಷಧಿ ಅಲ್ಲ, ಕೋಲಿ ಜಾತಿಯ ನಾಯಿಗಳಿಗೆ ಜೀವಕ್ಕೇ ಅಪಾಯ. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಅದೇ ದಿನ ಚಿಕಿತ್ಸೆ ಆಗಬೇಕು, ಆದರೆ ಬೆಕ್ಕಿನ ಔಷಧಿಯಿಂದ. ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬೆಕ್ಕನ್ನು ಕೊಲ್ಲುತ್ತದೆ. ಬೀದರ್‌ನವರಿಗೆ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಮ್ಮ ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೂ ಅಲ್ಲೇ. ನಮಗೆ, ಯಾದಗಿರಿಯವರಿಗೆ ಹತ್ತಿರದ ಪಶು ಆಸ್ಪತ್ರೆ ಇದ್ದೇ ಇದೆ.

ಮನೆಯ ಕೆಲಸ ಅದೇ ದಿನ ಶುರುವಾಗಬೇಕು. ಕೌದಿ, ಚಾಪೆ, ಸೋಫಾ ಕವರ್, ನಾಯಿ ಮಲಗುವ ಎಲ್ಲ ಬಟ್ಟೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು, ಮಾಳಿಗೆ ಮೇಲೆ ಬಿಸಿಲಿಗೆ ಹರವಿ. ವಾರಕ್ಕೊಮ್ಮೆ. ನಮ್ಮ ಬಿಸಿಲು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಮಧ್ಯಾಹ್ನದ ಮಾಳಿಗೆಯಲ್ಲಿ ಎರಡೂ ಮಗ್ಗುಲು ತಿರುವಿ ಹಾಕಿದ ಕೌದಿಯಲ್ಲಿ ಮರಿಹುಳು ಬದುಕುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ದಿನ ಬಿಟ್ಟು ದಿನ ಸಂದಿ, ಮೂಲೆ, ಮಂಚದ ಕೆಳಗೆ, ಕಾರಿನ ಸೀಟು ಎಲ್ಲ ಎಳೆದು, ಅದರ ಕಸವನ್ನು ತಕ್ಷಣ ಕವರ್‌ಗೆ ಕಟ್ಟಿ ಹೊರಗೆ ಹಾಕಿ. ಅದರ ಅದುರಿಗೆ ಗೂಡಿನಲ್ಲಿ ಕೂತ ಚಿಗಟಗಳೂ ಹೊರಬರುತ್ತವೆ. ಇಲ್ಲದಿದ್ದರೆ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಸಂದಿ ಕೆದಕಿ ಗುಡಿಸಿ, ಮಕ್ಕಳು ನಾಯಿ ಹತ್ತಿರ ಇಲ್ಲದಾಗ ಕುದಿಯುವ ನೀರು ಸುರಿಯಿರಿ. ಒಣಗಿದ ಮೇಲೆ ವೈಟ್ ಸಿಮೆಂಟ್ ತುಂಬಿಸಿ. ನಮ್ಮ ಪಡಸಾಲೆಗೆ ಅರ್ಧ ದಿನದ ಕೆಲಸವಾಯಿತು. ನಾನು ಮಾಡಿದ್ದರಲ್ಲಿ ಹೆಚ್ಚು ಫಲ ಕೊಟ್ಟಿದ್ದು ಇದೇ ಅಂತ ನನ್ನ ಅನಿಸಿಕೆ. ಸ್ಪ್ರೇ ಹೊಡೆಸುವುದಾದರೆ ಮೊಟ್ಟೆ, ಮರಿಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್ ಅಥವಾ ಮೆಥೊಪ್ರೀನ್ ಅದರಲ್ಲಿ ಇದೆಯೇ ಅಂತ ಕೇಳಿ, ನೆಲ ಪೂರ್ತಿ ಒಣಗುವ ತನಕ ಯಾರೂ ಒಳಗೆ ಹೋಗಬೇಡಿ.

ಎಷ್ಟು ಹೊಡೆಸಿದರೂ ಗೂಡಿನೊಳಗಿನ ಚಿಗಟಕ್ಕೆ ಸ್ಪ್ರೇ ತಟ್ಟುವುದಿಲ್ಲ. ಹಾಗಾಗಿ ಔಷಧಿ ಹಾಕಿದ ಎರಡು ಮೂರು ವಾರದ ನಂತರವೂ ಹೊಸ ಚಿಗಟ ಕಾಣುತ್ತವೆ, ಕೆಲವೊಮ್ಮೆ ಮುಂಚಿಗಿಂತ ಜಾಸ್ತಿ. ಔಷಧಿ ಡೂಪ್ಲಿಕೇಟ್ ಅಂತ ಬೈದು ಬಿಟ್ಟುಬಿಡುವುದು ಸರಿಯಾಗಿ ಈ ಹೊತ್ತಿನಲ್ಲೇ. ಬಿಡಬೇಡಿ. ಹಳೆ ಗೂಡುಗಳು ಖಾಲಿಯಾಗುತ್ತಿವೆ ಅಷ್ಟೇ. ನಾಯಿಯನ್ನು ಹೊರಗೆ ಕಟ್ಟಿಹಾಕಲೂ ಬೇಡಿ. ಔಷಧಿ ಕುಡಿದ ನಾಯಿ ಮನೆಯೊಳಗೆ ಓಡಾಡಬೇಕು, ಗೂಡು ಒಡೆದು ಬಂದ ಚಿಗಟ ಅದರ ಮೈ ಏರಿ ಕಚ್ಚಿ ಸಾಯಬೇಕು. ನಾಯಿಯನ್ನು ಹೊರಹಾಕಿದರೆ ಅವು ನಿಮ್ಮ ಕಾಲು ಹುಡುಕುತ್ತವೆ. ಕಡೇ ಗೂಡು ಖಾಲಿಯಾಗುವ ತನಕ ಒಂದು ಡೋಸ್ ಕೂಡ ತಪ್ಪಬಾರದು, ಅದಕ್ಕೆ ಕಡಿಮೆಯೆಂದರೂ 3 ತಿಂಗಳು ಹಿಡಿಯುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ನೆಲದ ಮೇಲೆ ತಟ್ಟೆಯಲ್ಲಿ ಪಾತ್ರೆ ಸೋಪಿನ ನೀರು ಇಟ್ಟು ಮೇಲೆ ಸಣ್ಣ ಬಲ್ಬ್ ಉರಿಸುತ್ತಿದ್ದೆವು. ಬೆಳಕಿನ ಬಿಸಿಗೆ ಜಿಗಿದ ಚಿಗಟ ನೀರಿಗೆ ಬಿದ್ದು ಮುಳುಗುತ್ತದೆ. ಇದರಿಂದ ಚಿಗಟ ಹೋಗುವುದಿಲ್ಲ, ಎಷ್ಟು ಉಳಿದಿವೆ ಅಂತ ಲೆಕ್ಕ ಸಿಗುತ್ತದೆ. ಮೊದಲ ವಾರ ದಿನಕ್ಕೆ 10-12, ಎರಡನೇ ತಿಂಗಳಲ್ಲಿ ವಾರಕ್ಕೆ ಒಂದೆರಡು, ಜನವರಿ ಹೊತ್ತಿಗೆ ತಟ್ಟೆ ಖಾಲಿ. ಆಮೇಲೂ ಮಾತ್ರೆ ನಿಲ್ಲಿಸಿಲ್ಲ, ಬೀದಿನಾಯಿಗಳ ಜೊತೆ ಬದುಕುವ ಊರಲ್ಲಿ ವರ್ಷಪೂರ್ತಿ ಕೊಡುವುದೇ ಸರಿ ಅಂತ ಡಾಕ್ಟರು ಹೇಳಿದರು, ನನಗೂ ಹಾಗೇ ಅನಿಸುತ್ತದೆ.

ಊರಿಗೆ ಹೋಗಿ ಬರುವವರಿಗೆ ಒಂದು ಮಾತು ಉಳಿದಿದೆ. ಬೀಗ ತೆಗೆದ ಕೂಡಲೇ ಮಕ್ಕಳನ್ನು ಒಳಗೆ ಬಿಡಬೇಡಿ. ಒಬ್ಬರು ಬಿಳಿ ಸಾಕ್ಸ್ ಹಾಕಿ, ಪ್ಯಾಂಟಿನ ಕಾಲನ್ನು ಅದರೊಳಗೆ ಸಿಕ್ಕಿಸಿ, ಎಲ್ಲ ಕೋಣೆಯಲ್ಲೂ ಗಟ್ಟಿಯಾಗಿ ಹೆಜ್ಜೆ ಹಾಕಿ ಹತ್ತು ನಿಮಿಷ ಓಡಾಡಿ, ಸಾಕ್ಸನ್ನು ಸೋಪಿನ ನೀರಿಗೆ ಹಾಕಿ. ಈ ಯುಗಾದಿಗೆ ಊರಿಂದ ಬಂದಾಗ ನಾನು ಹಾಗೇ ಮಾಡಿದೆ. ಮಗಳು ಹೊಸ್ತಿಲಲ್ಲಿ ಕರಿಯಾನ ಬೆಲ್ಟ್ ಹಿಡಿದು ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ಸಾಕ್ಸ್ ತಿರುಗಿಸಿ ತಿರುಗಿಸಿ ನೋಡಿದಳು, ಏನೂ ಇರಲಿಲ್ಲ, ಬೆಲ್ಟ್ ಬಿಟ್ಟಳು.